ಗೋವಾದಲ್ಲಿ ಓಪನ್ ವಾಟರ್ ಮುಗಿಸಿದವರಿಗೆ ಅಡ್ವಾನ್ಸ್ಡ್ ಕೋರ್ಸ್ ಬೇಕೇ?

ಓಪನ್ ವಾಟರ್, ಅಂದರೆ ಸ್ಕೂಬಾ ಡೈವಿಂಗಿನ ಮೊದಲ ಕೋರ್ಸಿನ ಕಾರ್ಡ್ ಕೈಗೆ ಬಂದ ದಿನವೇ ಡೈವ್ ಸೆಂಟರಿನವರು ಮುಂದಿನ ಕೋರ್ಸಿನ ಮಾತೆತ್ತುತ್ತಾರೆ. ವಾಸ್ಕೋ, ಮಡಗಾಂವ್, ಪಣಜಿ ಕಡೆ ಡೈವ್ ಮಾಡುವ ಕನ್ನಡದವರಿಗೆ ನಾವು ಹೇಳುವುದಿಷ್ಟು: ಮಾಡಿ, ಆದರೆ ಅವಸರ ಬೇಡ. ಯಾವ ಸಮುದ್ರದಲ್ಲಿ ಮಾಡುತ್ತೀರಿ, ಯಾವ ಡೈವ್‌ಗಳನ್ನು ಆರಿಸಿಕೊಳ್ಳುತ್ತೀರಿ ಅನ್ನುವುದರ ಮೇಲೆ ಕೊಟ್ಟ ದುಡ್ಡು ದಕ್ಕುವುದೂ ಬಿಡುವುದೂ ನಿಂತಿದೆ. (ಪ್ರವಾಸಕ್ಕೆ ಬಂದಾಗ ಇನ್‌ಸ್ಟ್ರಕ್ಟರ್ ಹಿಡಿದುಕೊಂಡು ಇಳಿಸಿದ ಡೈವ್ ಓಪನ್ ವಾಟರ್ ಅಲ್ಲ. ಅದಕ್ಕೆ ಸರ್ಟಿಫಿಕೇಟ್ ಕೊಟ್ಟಿದ್ದರೂ ಅದು ನೆನಪಿನ ಕಾಗದ ಅಷ್ಟೆ.)

ಡೈವಿಂಗ್ ಕಲಿಸಿ ಕಾರ್ಡ್ ಕೊಡುವ ಪ್ಯಾಡಿ ಸಂಸ್ಥೆಯ ಅಡ್ವಾನ್ಸ್ಡ್ ಓಪನ್ ವಾಟರ್ ಅಂದರೆ ಐದು ಡೈವ್, ಸಾಮಾನ್ಯವಾಗಿ ಎರಡು ದಿನ. ಡೀಪ್ (ಆಳದ ಡೈವ್) ಮತ್ತು ನ್ಯಾವಿಗೇಶನ್ (ನೀರಡಿಯಲ್ಲಿ ದಾರಿ ಹಿಡಿಯುವುದು) ಕಡ್ಡಾಯ, ಉಳಿದ ಮೂರು ನಿಮ್ಮ ಆಯ್ಕೆ. ಕೊನೆಗೆ ಪರೀಕ್ಷೆ ಇಲ್ಲ. ಆಳದ ಮಿತಿ 18 ಮೀಟರಿನಿಂದ 30ಕ್ಕೆ ಏರುತ್ತದೆ. ಅಂಥದೇ ಇನ್ನೊಂದು ಸಂಸ್ಥೆಯಾದ ಎಸ್‌ಎಸ್‌ಐನಲ್ಲಿ ಇಂಥ ಐದು ಡೈವ್‌ಗಳ ಕೋರ್ಸಿನ ಹೆಸರು ಅಡ್ವಾನ್ಸ್ಡ್ ಅಡ್ವೆಂಚರರ್. ಅವರ ಅಡ್ವಾನ್ಸ್ಡ್ ಓಪನ್ ವಾಟರ್ ಬೇಕಾದರೆ ನಾಲ್ಕು ಸ್ಪೆಷಾಲಿಟಿ (ಒಂದೊಂದೇ ವಿಷಯದ ಕೋರ್ಸ್), ಒಟ್ಟು 24 ಡೈವ್ ಆಗಿರಬೇಕು. ಹೆಸರು ಒಂದೇ ಇದ್ದರೂ ಎರಡು ಕಾರ್ಡುಗಳ ತೂಕ ಬೇರೆ.

ಗೋವಾದ ಕಷ್ಟ ಏನೆಂದರೆ ಇಲ್ಲಿ ಆಳವೇ ಇಲ್ಲ. ಗ್ರಾಂಡೆ ದ್ವೀಪದ ಸುತ್ತಲಿನ ಡೈವ್‌ಗಳೆಲ್ಲ ಹೆಚ್ಚುಕಡಿಮೆ 6ರಿಂದ 15 ಮೀಟರಿನೊಳಗೆ ಮುಗಿಯುತ್ತವೆ. ಡೀಪ್ ಡೈವ್ ಅನ್ನಿಸಿಕೊಳ್ಳಲು 18 ದಾಟಲೇಬೇಕು. ಹಾಗಾಗಿ ಗ್ರಾಂಡೆಯಲ್ಲೇ ಐದೂ ಮುಗಿಸಿ ಕಾರ್ಡ್ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಡೀಪ್ ಡೈವ್ ಯಾವ ಜಾಗದಲ್ಲಿ, ಎಷ್ಟು ಮೀಟರಿನಲ್ಲಿ ಎಂದು ಕೇಳಿ. ನೇತ್ರಾಣಿ ದ್ವೀಪದಲ್ಲೋ ಅಂಡಮಾನಿನ ಹ್ಯಾವ್‌ಲಾಕಿನಲ್ಲೋ ಮಾಡಿದರೆ ಆ ಡೈವಿಗೆ ಅರ್ಥ ಬರುತ್ತದೆ. ಮಡಗಾಂವಿನಿಂದ ಮುರ್ಡೇಶ್ವರಕ್ಕೆ ಕೊಂಕಣ ರೈಲಿನಲ್ಲಿ ಮೂರ್ನಾಲ್ಕು ಗಂಟೆ. ಅಲ್ಲಿಂದ ನೇತ್ರಾಣಿಗೆ ದೋಣಿ. ನೀರೂ ಗೋವಾಕ್ಕಿಂತ ತಿಳಿ.

ಡೀಪ್ ಡೈವಿನಲ್ಲಿ ನಿಜವಾಗಿ ಕಲಿಯಬೇಕಾದ್ದು ಗಾಳಿಯ ಲೆಕ್ಕ. 30 ಮೀಟರ್ ಮುಟ್ಟಿ, ಸ್ಲೇಟಿನ ಮೇಲೆ ಒಂದು ಕೂಡುವ ಲೆಕ್ಕ ಮಾಡಿಸಿ, ಕೆಂಪು ಬಣ್ಣ ಕಪ್ಪಾಗಿ ಕಾಣುವುದನ್ನು ತೋರಿಸಿ ಮೇಲೆ ತರುವ ಇನ್‌ಸ್ಟ್ರಕ್ಟರ್‌ಗಳು ಬೇಕಾದಷ್ಟು ಜನ. ಲೆಕ್ಕ ಹೀಗೆ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಟ್ಯಾಂಕಿನ ಒಳ ಅಳತೆ ಸುಮಾರು 11 ಲೀಟರ್. 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿದರೆ 2,200 ಲೀಟರ್ ಗಾಳಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 30 ಮೀಟರಿನಲ್ಲಿ 80 ಲೀಟರ್ ಎಳೆಯುತ್ತಾರೆ, ಯಾಕೆಂದರೆ ಅಲ್ಲಿ ಒತ್ತಡ ನಾಲ್ಕು ಪಟ್ಟು.

ಈಗ ಜೊತೆಗಾರರ ಗಾಳಿ ತಳದಲ್ಲೇ ಖಾಲಿಯಾಯಿತು ಅನ್ನಿ. ಇಬ್ಬರೂ ನಿಮ್ಮ ಟ್ಯಾಂಕಿನಿಂದಲೇ ಉಸಿರಾಡಬೇಕು. ಗಾಬರಿಯಲ್ಲಿ ಒಬ್ಬೊಬ್ಬರ ಉಸಿರು 30 ಲೀಟರಿಗೆ ಏರುತ್ತದೆ. ಉಸಿರಾಡುವ ರೆಗ್ಯುಲೇಟರ್ ಕೊಟ್ಟು, ಕೈ ಹಿಡಿದು, ಹೊರಡಲು ಒಂದು ನಿಮಿಷ: 240 ಲೀಟರ್. ನಿಮಿಷಕ್ಕೆ 10 ಮೀಟರಿನಂತೆ ಮೂರು ನಿಮಿಷ ಏರಲು, ಸರಾಸರಿ ಒತ್ತಡ ಎರಡೂವರೆ ಪಟ್ಟು ಹಿಡಿದರೆ, 450. ಐದು ಮೀಟರಿನಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪಿಗೆ 270. ಒಟ್ಟು 960 ಲೀಟರ್, ಅಂದರೆ ಹತ್ತಿರ ಹತ್ತಿರ 90 ಬಾರ್. ‘50 ಬಾರ್ ಇರುವಾಗ ಮೇಲೆ ಬನ್ನಿ’ ಅನ್ನುವ ಮಾತು ಗ್ರಾಂಡೆಯ 10 ಮೀಟರಿಗೆ ಸರಿ, 30 ಮೀಟರಿನ ತಳ ಬಿಡುವುದಕ್ಕೆ ಸಾಲದು. 90 ಬದಿಗಿಟ್ಟರೆ ಉಳಿಯುವ 110 ಬಾರಿನಲ್ಲಿ ತಳದಲ್ಲಿ ಸಿಗುವುದು ಸುಮಾರು 15 ನಿಮಿಷ, ಇಳಿಯುವ ಹೊತ್ತೂ ಅದರಲ್ಲೇ ಸೇರಿತು. ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಹೇಳುವ ಪ್ಯಾಡಿಯ ಕೋಷ್ಟಕ 30 ಮೀಟರಿಗೆ 20 ನಿಮಿಷ ಕೊಡುತ್ತದೆ. ಕೋಷ್ಟಕದ ಹೊತ್ತು ಮುಗಿಯುವ ಮೊದಲೇ ಗಾಳಿ ಮುಗಿಯುತ್ತದೆ. ಈ ಲೆಕ್ಕವನ್ನು ನೀರಿಗಿಳಿಯುವ ಮೊದಲು ನಿಮ್ಮ ಕೈಯಲ್ಲೇ ಬರೆಸುವ ಇನ್‌ಸ್ಟ್ರಕ್ಟರ್ ಸಿಕ್ಕರೆ ಬಿಡಬೇಡಿ.

ಉಳಿದ ಡೈವ್‌ಗಳಿಗೆ ಗೋವಾದ ಮಬ್ಬು ನೀರೇ ಒಳ್ಳೆಯ ಪಾಠಶಾಲೆ. ನಾಲ್ಕೈದು ಮೀಟರ್ ಮಾತ್ರ ಕಾಣುವ ಕಡೆ ನ್ಯಾವಿಗೇಶನ್ ಕಲಿತವರಿಗೆ ಅಂಡಮಾನಿನ ನೀರಿನಲ್ಲಿ ದಾರಿ ತಪ್ಪುವ ಭಯ ಕಡಿಮೆ. 30 ಮೀಟರಿನ ಹಗ್ಗ ಹಾಸಿ, ಅಷ್ಟು ದೂರಕ್ಕೆ ಎಷ್ಟು ಸಲ ಕಾಲು ಬಡಿಯಬೇಕು ಎಂದು ಮೊದಲು ಎಣಿಸಿಕೊಳ್ಳಬೇಕು. ಚೌಕದ ನಾಲ್ಕು ಬದಿ ಈಜಿ ಹೊರಟಲ್ಲಿಗೇ ಬರುವುದು ಆಮೇಲೆ. ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ದಿಕ್ಸೂಚಿಯನ್ನು ಓರೆ ಹಿಡಿಯುವುದು: ಮುಳ್ಳು ಅಂಟಿಕೊಂಡು ನಿಲ್ಲುತ್ತದೆ, ನೀವು ತಿರುಗಿದರೂ ಅದು ತಿರುಗಿದಂತೆ ಕಾಣುವುದಿಲ್ಲ. ಎರಡು, ಕಣ್ಣು ದಿಕ್ಸೂಚಿಯ ಮೇಲೇ ನೆಟ್ಟು ಆಳ ಏರಿಳಿಯುವುದನ್ನು ಮರೆಯುವುದು. ಒಬ್ಬರು ದಿಕ್ಕು ನೋಡಲಿ, ಇನ್ನೊಬ್ಬರು ಆಳ ಮತ್ತು ಗಾಳಿ ನೋಡಲಿ.

ಆಯ್ಕೆಯ ಮೂರರಲ್ಲಿ ತೇಲುವಿಕೆಯ ಡೈವ್ ಇರಲೇಬೇಕು. ತಳದ ಹೂಳು ಎದ್ದರೆ ನಿಮಗೂ ಹಿಂದೆ ಬರುವವರಿಗೂ ಏನೂ ಕಾಣುವುದಿಲ್ಲ, ಹೂಳೆಬ್ಬಿಸುವುದು ಹೆಚ್ಚಾಗಿ ಸೀಸದ ಭಾರ ಜಾಸ್ತಿಯಾದವರ ಕಾಲು. ಬೇಗ ಇಳಿಯಲಿ ಎಂದು ಸೆಂಟರಿನವರು ಎರಡು ಕಿಲೋ ಹೆಚ್ಚೇ ಕಟ್ಟುವುದುಂಟು. ಆ ಭಾರ ಸರಿದೂಗಿಸಲು ಬಿಸಿಡಿಗೆ (ತೇಲಲು ಹಾಕಿಕೊಳ್ಳುವ ಜಾಕೆಟ್ಟಿಗೆ) ಗಾಳಿ ತುಂಬುತ್ತೀರಿ, ಅದು ಆಳ ಬದಲಾದಂತೆಲ್ಲ ಹಿಗ್ಗಿ ಕುಗ್ಗಿ ನಿಮ್ಮನ್ನು ಮೇಲೆ ಕೆಳಗೆ ಎಳೆಯುತ್ತದೆ, ಕಾಲು ನೆಲಕ್ಕೆ ಜೋತುಬೀಳುತ್ತದೆ. ಭಾರ ಪರೀಕ್ಷಿಸಬೇಕಾದ್ದು ಡೈವಿನ ಕೊನೆಗೆ: 50 ಬಾರ್ ಉಳಿದಿದೆ, ಐದು ಮೀಟರಿನಲ್ಲಿದ್ದೀರಿ, ಬಿಸಿಡಿ ಪೂರ್ತಿ ಖಾಲಿ, ಆಗ ಕದಲದೆ ನಿಲ್ಲಬೇಕು. ಟ್ಯಾಂಕ್ 200ರಿಂದ 50ಕ್ಕೆ ಇಳಿಯುವಷ್ಟರಲ್ಲಿ ಸುಮಾರು ಎರಡು ಕಿಲೋ ಹಗುರಾಗಿರುತ್ತದೆ, ಆದ್ದರಿಂದ ಶುರುವಿನಲ್ಲಿ ಅಷ್ಟು ಭಾರ ಅನ್ನಿಸುವುದು ಸರಿಯೇ.

ಇನ್ನೊಂದು, ಎಸ್‌ಎಮ್‌ಬಿ, ಅಂದರೆ ಮೇಲೇರುವ ಮೊದಲು ಬಿಡುವ ಕೇಸರಿ ಬಲೂನು. ಡಾಲ್ಫಿನ್ ತೋರಿಸುವ ದೋಣಿ, ಮೀನಿನ ದೋಣಿ, ಜೆಟ್ ಸ್ಕೀ ಓಡಾಡುವ ಗೋವಾದಲ್ಲಿ ಇದಿಲ್ಲದೆ ಏರುವುದು ತಪ್ಪು. ಹಾಗಿದ್ದೂ ಮಾರ್ಗದರ್ಶಕರೊಬ್ಬರೇ ಬಿಡುತ್ತಾರೆ, ಉಳಿದವರು ನೋಡುತ್ತಾರೆ. ಐದೂ ಡೈವ್‌ಗಳ ಕೊನೆಗೆ ನೀವೇ ಬಿಡುವಂತೆ ಮೊದಲೇ ಮಾತಾಡಿಕೊಳ್ಳಿ. ಮೇಲೆ ನೋಡಿ, ದಾರ ಮೈಗೂ ಮೆದುಗೊಳವೆಗೂ ತಾಗದಂತೆ ಕೈ ಚಾಚಿ, ಬಲೂನಿಗೆ ಅರ್ಧ ಉಸಿರು ಊದಿ, ಅದು ನೆಟ್ಟಗೆ ನಿಂತ ಮೇಲೆ ಇನ್ನೊಂದು ಉಸಿರು ಊದಿ ಬಿಡಬೇಕು. 10 ಮೀಟರಿನಲ್ಲಿ ಊದಿದ್ದು ಮೇಲೆ ಹೋಗುವಷ್ಟರಲ್ಲಿ ಎರಡು ಪಟ್ಟಾಗುತ್ತದೆ, ತುಂಬಾ ಊದುವ ಅಗತ್ಯವಿಲ್ಲ. ದಾರ ಸುತ್ತಿದ ಸ್ಪೂಲನ್ನು ಬಿಸಿಡಿಗೆ ಎಂದೂ ಸಿಕ್ಕಿಸಬೇಡಿ. ದಾರ ಸಿಕ್ಕಿಬಿದ್ದರೆ ಬಲೂನು ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ, ಆಗ ಕೈಬಿಟ್ಟುಬಿಡುವುದೇ ಸರಿ. ಬಲೂನು ಹೋದರೆ ಹೋಗಲಿ.

ಒಂದೇ ಕೋರ್ಸಿಗೆ ದುಡ್ಡಿದೆ ಅನ್ನುವವರಿಗೆ ನಾವು ರೆಸ್ಕ್ಯೂ ಹೇಳುತ್ತೇವೆ. ಪ್ಯಾಡಿಯಲ್ಲಿ ಅದಕ್ಕೆ ಪೂರ್ತಿ ಅಡ್ವಾನ್ಸ್ಡ್ ಬೇಕಿಲ್ಲ. ನ್ಯಾವಿಗೇಶನ್ ಸೇರಿ ಮೂರು ಅಡ್ವೆಂಚರ್ ಡೈವ್ (ಅಡ್ವಾನ್ಸ್ಡ್ ಕೋರ್ಸಿನಲ್ಲಿ ಮಾಡುವಂಥವು) ಮತ್ತು ಕಳೆದ 24 ತಿಂಗಳೊಳಗೆ ಮಾಡಿದ ಪ್ರಥಮ ಚಿಕಿತ್ಸೆ, ಸಿಪಿಆರ್ ತರಬೇತಿ ಇದ್ದರೆ ಸಾಕು. ಗಾಬರಿಯಾದವರ ಕೈಗೆ ಸಿಗದಷ್ಟು ದೂರದಲ್ಲೇ ನಿಂತು ‘ಭಾರ ಬಿಡಿ, ಬಿಸಿಡಿಗೆ ಗಾಳಿ ತುಂಬಿ’ ಎಂದು ಕೂಗುವುದು, ಕೇಳದಿದ್ದರೆ ಮುಳುಗಿ ಬೆನ್ನ ಹಿಂದಿನಿಂದ ಬಂದು ಟ್ಯಾಂಕ್ ಹಿಡಿಯುವುದು, ಪ್ರಜ್ಞೆಯೂ ಉಸಿರೂ ಇಲ್ಲದವರಿಗೆ ಐದು ಸೆಕೆಂಡಿಗೊಮ್ಮೆ ಉಸಿರು ಕೊಡುತ್ತಲೇ ಅವರ ಸಲಕರಣೆ ಕಳಚುತ್ತಾ ದೋಣಿಯ ಕಡೆ ಎಳೆಯುವುದು ಇದರಲ್ಲಿವೆ. ಮೈ ದಣಿಯುತ್ತದೆ. ಆದರೆ ಜೊತೆಗಾರರ ಮುಖ ನೋಡಿಯೇ ಏನೋ ಸರಿಯಿಲ್ಲ ಎಂದು ಮೊದಲೇ ಗುರುತಿಸುವ ಕಣ್ಣು ಇಲ್ಲಿ ಬೆಳೆಯುವಷ್ಟು ಬೇರೆ ಯಾವ ಕೋರ್ಸಿನಲ್ಲೂ ಬೆಳೆಯುವುದಿಲ್ಲ.

ನೈಟ್ರಾಕ್ಸ್, ಅಂದರೆ ಆಮ್ಲಜನಕ ಹೆಚ್ಚಿಸಿದ ಗಾಳಿ, ಗೋವಾಕ್ಕೆ ಬೇಡ. 12 ಮೀಟರಿನಲ್ಲಿ ಸಾದಾ ಗಾಳಿಗೇ ಕೋಷ್ಟಕ 147 ನಿಮಿಷ ಕೊಡುತ್ತದೆ, ನಿಮ್ಮ ಟ್ಯಾಂಕ್ ಅದಕ್ಕೆಷ್ಟೋ ಮೊದಲು ಖಾಲಿ. ದಿನಕ್ಕೆ ಮೂರು ಡೈವ್‌ನಂತೆ ಅಂಡಮಾನಿನಲ್ಲೋ ಮಾಲ್ಡೀವ್ಸಿನಲ್ಲೋ ವಾರ ಕಳೆಯುವವರಿಗೆ ಮಾತ್ರ ಅದು ಬಹಳ ಉಪಯೋಗ. ಅಲ್ಲಿ ಆಮ್ಲಜನಕದ ಪ್ರಮಾಣವನ್ನು ನೀವೇ ಅಳೆಯಿರಿ, ಆಳದಲ್ಲಿ ಇನ್ನೆಷ್ಟು ಹೊತ್ತು ಇರಬಹುದೆಂದು ತೋರಿಸುವ ಡೈವ್ ಕಂಪ್ಯೂಟರಿನಲ್ಲಿ ಅದೇ ಅಂಕಿ ಇದೆಯೇ ನೋಡಿ. ನಿನ್ನೆಯ ಶೇಕಡಾ 32 ಹಾಗೇ ಉಳಿದು ಇವತ್ತು ಸಾದಾ ಗಾಳಿಯಲ್ಲಿ ಇಳಿದರೆ, ಕಂಪ್ಯೂಟರ್ ಇಲ್ಲದ ಹೊತ್ತನ್ನು ಇದೆ ಎಂದು ತೋರಿಸುತ್ತದೆ.

ಪ್ಯಾಡಿಯ ಮಾಸ್ಟರ್ ಸ್ಕೂಬಾ ಡೈವರ್ ಬಿರುದಿಗೆ ರೆಸ್ಕ್ಯೂ, ಐದು ಸ್ಪೆಷಾಲಿಟಿ, 50 ಡೈವ್ ಬೇಕು. ಆ ದುಡ್ಡಿನಲ್ಲಿ ಸ್ವಂತ ಕಂಪ್ಯೂಟರ್ ಕೊಂಡು ಇನ್ನಷ್ಟು ಡೈವ್ ಮಾಡುವುದು ಮೇಲು.

ದರದ ವಿಷಯಕ್ಕೆ ಬಂದರೆ, ಐದು ಸಾದಾ ಡೈವ್‌ಗಳಿಗೆಷ್ಟು, ಕೋರ್ಸಿಗೆಷ್ಟು ಎಂದು ಎರಡನ್ನೂ ಕೇಳಿ. ನಡುವಿನ ವ್ಯತ್ಯಾಸವೇ ನೀವು ಪಾಠಕ್ಕೂ ಕಾರ್ಡಿಗೂ ಕೊಡುವ ಬೆಲೆ. ಒಬ್ಬ ಇನ್‌ಸ್ಟ್ರಕ್ಟರ್ ಜೊತೆ ಎಷ್ಟು ಜನ, ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ ಎಂದೂ ಕೇಳಿ. ಮಳೆಗಾಲದಲ್ಲಿ ಈ ಕರಾವಳಿಯಲ್ಲಿ ಡೈವಿಂಗ್ ಇಲ್ಲ, ಅಕ್ಟೋಬರಿನಿಂದ ಮೇ ತನಕ ಅಷ್ಟೆ.

ಕೋರ್ಸಿನ ದಿನ ಗೊತ್ತುಮಾಡುವಾಗ ಘಾಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು 18 ಗಂಟೆ ಕಾಯಬೇಕು ಎಂಬ, ಡೈವ್ ಮಾಡುವವರ ಸುರಕ್ಷತೆಗಾಗಿ ಇರುವ ಡ್ಯಾನ್ ಸಂಸ್ಥೆಯ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ, ರಸ್ತೆಯಲ್ಲಿ ಏರಿದರೂ ಅಷ್ಟೇ. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಮೂರೂ ಅದಕ್ಕಿಂತ ಮೇಲಿವೆ. ಮಧ್ಯಾಹ್ನ ಒಂದಕ್ಕೆ ಕೊನೆಯ ಡೈವ್ ಮುಗಿಸಿದವರು ರಾತ್ರಿ ಬಸ್ಸಿನಲ್ಲಿ ಘಾಟಿ ಏರುವುದು ಬೇಡ, ಮರುದಿನ ಬೆಳಿಗ್ಗೆ ಏಳರ ನಂತರ ಹೊರಡಲಿ. ಮುರ್ಡೇಶ್ವರದಿಂದ ಗೋವಾಕ್ಕೆ ಮರಳುವವರಿಗೆ ಈ ತಾಪತ್ರಯ ಇಲ್ಲ, ಕೊಂಕಣ ರೈಲು ಕರಾವಳಿಯಗುಂಟವೇ ಸಾಗುತ್ತದೆ.