ಮಕ್ಕಳ ಕೇಸಿಗೆ ಯಾರಿದ್ದೀರಿ?

ದಾವಣಗೆರೆ, 20 ಜುಲೈ 2024, ಶನಿವಾರ

ಕೊನೆ ವರ್ಷದ ಕಾನೂನು ವಿದ್ಯಾರ್ಥಿಗಳ ಹತ್ತಿರ ಸ್ವಲ್ಪ ಮಾತಾಡಿ ಅಂತ ಕರೆದಿದ್ದರು, ಹೋಗಿದ್ದೆ. ಇದೇ ತಿಂಗಳ ಒಂದರಿಂದ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿದೆಯಲ್ಲ, ಕೊಲೆಯ ಕಲಮು 302 ಹೋಗಿ 103 ಬಂತು, ಮೋಸದ 420 ಹೋಗಿ 318 ಬಂತು ಅಂತ ಎಲ್ಲರದೂ ಅದೇ ಮಾತು. ಬಾಲನ್ಯಾಯ ಕಾಯ್ದೆ, ಅಂದರೆ ಹದಿನೆಂಟು ತುಂಬದವರ ಕೇಸಿನ ಕಾನೂನು, ಓದಿದವರು ಕೈ ಎತ್ತಿ ಅಂದೆ. ಪರೀಕ್ಷೆಗೆ ಓದಿದ್ದರು, ಎತ್ತಿದರು. ಆ ಕೇಸು ನಡೆಸುವವರು ಯಾರು ಅಂದರೆ ಪಕ್ಕದವರ ಮುಖ ನೋಡಿದರು.

ನೋಡಲಿ ಬಿಡಿ. ನಮ್ಮ ಕಡೆ ವಕೀಲಿಕೆ ಅಂದರೆ ಜಮೀನಿನ ಪಾಲು, ಚೆಕ್ ಬೌನ್ಸು, ಹೈವೇ ಅಪಘಾತದ ಪರಿಹಾರ. ದುಡ್ಡು ಇರುವುದೂ ಅಲ್ಲೇ.

ಉಪದೇಶ ಬೇಡ ಅಂತ ಜಗಳೂರು ಕಡೆಯ ಒಬ್ಬ ಹುಡುಗನ ಕೇಸು ಹೇಳಿದೆ. ಬೈಕ್ ಕದ್ದ ಆರೋಪ. ಪೊಲೀಸರು ವಯಸ್ಸು 19 ಅಂತ ಬರೆದುಕೊಂಡರು, ಹುಡುಗ ದೊಡ್ಡವರ ಜೈಲಿಗೆ ಹೋದ. ಅಪ್ಪನಿಗೆ ಮಗನ ವಯಸ್ಸು ಸರಿಯಾಗಿ ಗೊತ್ತಿಲ್ಲ. ನಮ್ಮ ಆಫೀಸಿನ ಜೂನಿಯರ್ ಹುಡುಗಿ ಬಸ್ಸು ಹತ್ತಿ ಅವನ ಊರಿನ ಸರ್ಕಾರಿ ಶಾಲೆಗೆ ಹೋದಳು. ಹೆಡ್‌ಮಾಸ್ಟರು ಬೀರುವಿನಿಂದ ಧೂಳು ಹಿಡಿದ ದಾಖಲಾತಿ ಪುಸ್ತಕ ತೆಗೆದರು. ಹುಟ್ಟಿದ ದಿನ 1-6. (ಹಳ್ಳಿ ಶಾಲೆಗಳಲ್ಲಿ ಅರ್ಧ ತರಗತಿ ಜೂನ್ ಒಂದರಂದೇ ಹುಟ್ಟಿರುತ್ತೆ, ಮೇಷ್ಟ್ರ ಕೃಪೆ!) ಲೆಕ್ಕ ಹಾಕಿದರೆ ಹುಡುಗನಿಗೆ ಹದಿನೇಳೂ ತುಂಬಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿ ಶಾಲೆಯ ದಾಖಲೆಗೇ ಮೊದಲ ಸ್ಥಾನ. ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವಯಸ್ಸು ತಿಳಿಯೋಕೆ ಮೂಳೆ ಪರೀಕ್ಷೆ. ಶಾಲೆಯ ಪ್ರಮಾಣಪತ್ರ ಕೋರ್ಟಿಗೆ ಕೊಟ್ಟೆವು, ಕೇಸು ಮಕ್ಕಳ ಕೇಸು ನೋಡುವ ಬಾಲನ್ಯಾಯ ಮಂಡಳಿಗೆ ಹೋಯಿತು, ಜಾಮೀನು ಸಿಕ್ಕಿತು. ದೊಡ್ಡ ವಾದ ಏನೂ ಇಲ್ಲ, ಒಂದು ಬಸ್ ಚಾರ್ಜು. ಆದರೆ ಆ ಬಸ್ಸು ಹತ್ತುವವರು ಬೇಕಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಸರ್, ಕದ್ದಿದ್ದು ನಿಜ ಆಗಿದ್ರೆ?" ಆಗಿರಬಹುದಪ್ಪ. ಆದರೂ ಹದಿನೆಂಟು ತುಂಬದವನನ್ನು ಲಾಕಪ್ಪಿಗಾಗಲೀ ಜೈಲಿಗಾಗಲೀ ಹಾಕುವ ಹಾಗಿಲ್ಲ ಅಂತ ಕಾನೂನೇ ಹೇಳುತ್ತೆ. ಅದನ್ನು ನೆನಪಿಸೋಕೆ ಪಕ್ಕದಲ್ಲಿ ಒಬ್ಬರು ವಕೀಲರು ನಿಲ್ಲಬೇಕು.

ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ ಬಗ್ಗೆ ಹುಡುಗಿಯರು ಜಾಸ್ತಿ ಕೇಳಿದರು. ಆರೋಪಿ ಪರ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ಜಡ್ಜ್ ಮೂಲಕವೇ ಕೇಳಬೇಕು ಅಂದಾಗ ಕೆಲವರಿಗೆ ಆಶ್ಚರ್ಯ. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ನಡುವೆ ಬಿಡುವು ಕೊಡಬೇಕು. ಮನೆಯವರು ತಮಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳಬಹುದು, ಕೈಲಾಗದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಕೊಡಬೇಕು. ಎಲ್ಲ 2012ರ ಈ ಪೋಕ್ಸೋ ಕಾಯ್ದೆಯಲ್ಲೇ ಇದೆ. ಎಷ್ಟೋ ಮನೆಯವರಿಗೆ ಗೊತ್ತಿಲ್ಲ, ಸರ್ಕಾರಿ ವಕೀಲರು ನೋಡ್ಕೋತಾರೆ ಅಂತ ಸುಮ್ನೆ ಕೂತಿರುತ್ತಾರೆ.

ಕೊನೆಗೆ ಬರಲೇಬೇಕಾದ ಪ್ರಶ್ನೆ ಬಂತು, ಹೊಟ್ಟೆಪಾಡು. ಸುಳ್ಳು ಹೇಳಲಿಲ್ಲ. ಪ್ರಾಧಿಕಾರದ ಫೀಸು ಕಡಿಮೆ, ಕೈಗೆ ಬರೋದೂ ನಿಧಾನ. ಸಿವಿಲ್ ಕೇಸನ್ನೂ ಇಟ್ಟುಕೊಳ್ಳಿ, ಬರೀ ಇದನ್ನೇ ನಂಬಬೇಡಿ ಅಂದೆ. ಆದರೆ ದೊಡ್ಡ ಸೀನಿಯರ್ ಆಫೀಸಿನಲ್ಲಿ ವರ್ಷಗಟ್ಟಲೆ ಫೈಲು ಹೊತ್ತು ವಾಯಿದೆ ಕೇಳುವ ಬದಲು, ಇಲ್ಲಿ ಸನ್ನದು ಸಿಕ್ಕ ಮೊದಲ ವರ್ಷವೇ ನೀವೇ ಎದ್ದು ನಿಂತು ವಾದ ಮಾಡಬಹುದು. ಮಕ್ಕಳ ಕೇಸಿನಲ್ಲಿ ಪೈಪೋಟಿ ಇಲ್ಲ. (ಇಲ್ಲದಿರುವುದೇ ಬೇಜಾರು, ಅದು ಬೇರೆ ಮಾತು.) ಈ ಮಾತಿಗೆ ಮಾತ್ರ ಕೆಲವರು ಪೆನ್ನು ತೆಗೆದರು.

ಹರಿಹರದ ಹುಡುಗಿಯೊಬ್ಬಳು ಹೊರಗೆ ಬಂದು ನಂಬರ್ ತಗೊಂಡಳು. ಮಂಡಳಿ ಹೇಗೆ ನಡೆಯುತ್ತೆ ಅಂತ ಒಂದು ದಿನ ನೋಡಬೇಕಂತೆ. ಅಲ್ಲಿ ಯಾರನ್ನೂ ಸುಮ್ನೆ ಒಳಗೆ ಬಿಡುವುದಿಲ್ಲ, ಮಕ್ಕಳ ಗುರುತು ಹೊರಬೀಳಬಾರದು. ಸೋಮವಾರ ಹೋಗಿ ಅನುಮತಿ ಕೇಳಬೇಕು.