ಒಂಟಿ ಗೋಪುರದ ದೀಪ

ಇಂಗ್ಲೆಂಡಿನ ರೊಮ್ಯಾಂಟಿಕ್ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್ (1805–1881) ಹೆಸರೆತ್ತಿದರೆ ಬಹುತೇಕರು ಕೊಂಡಾಡುವುದು ಅವನ ಯೌವನದ ಚಿತ್ರಗಳನ್ನು. 1824ರಲ್ಲಿ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್‌ನನ್ನು ಕಂಡು ಮಾರುಹೋದ ಆ ಹುಡುಗ, ಮುಂದೆ ಕೆಂಟ್ ಪ್ರಾಂತ್ಯದ ಶೋರಮ್ ಹಳ್ಳಿಯಲ್ಲಿ ನೆಲೆಸಿ ಬಿಡಿಸಿದ ತೆನೆ ತುಂಬಿದ ಹೊಲ, ದೊಡ್ಡ ಚಂದ್ರ, ಹೂ ಮುಚ್ಚಿದ ಮರಗಳು ಅಪರೂಪದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಕೊನೆಗಾಲದ ಗ್ರಾಮದೃಶ್ಯಗಳನ್ನು ಆ ಬೆಳಕಿನ ಮಂಕು ನೆರಳೆಂದು ತಳ್ಳಿಹಾಕುವುದನ್ನು ಮಂಡ್ಯದ ಬಯಲಿನಲ್ಲಿ ಬೆಳೆದ ನಾನು ಒಪ್ಪಲಾರೆ.

1861ರಲ್ಲಿ ಅವನ ಹಿರಿಯ ಮಗ ಹತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡ. ಮರುವರ್ಷ ಪಾಮರ್ ರೆಡ್‌ಹಿಲ್‌ಗೆ ಬಂದ. ಅದು ರೈಲ್ವೆ ಜಂಕ್ಷನ್ನಿನ ಸುತ್ತ ಬೆಳೆದ ಊರು. ಅಲ್ಲಿದ್ದಾಗಲೇ ವಕೀಲ ಲಿಯೊನಾರ್ಡ್ ವಾಲ್ಪಿಯ ಕೋರಿಕೆಯ ಮೇರೆಗೆ, ಮಿಲ್ಟನ್ನನ ಎರಡು ಕವಿತೆಗಳನ್ನು ಆಧರಿಸಿದ ಜಲವರ್ಣ ಚಿತ್ರಗಳನ್ನು ಕೈಗೆತ್ತಿಕೊಂಡು, ಅವುಗಳನ್ನು ಮತ್ತೆ ಮತ್ತೆ ತಿದ್ದುತ್ತ ಕೊನೆಯವರೆಗೂ ಕಾಲ ಕಳೆದ. ಹಬೆಯ ರೈಲಿನ ಕಾಲದಲ್ಲಿ ಅವನು ಬಿಡಿಸಿದ್ದು ಕುರುಬರನ್ನು, ಎತ್ತುಗಳನ್ನು, ಮುಳುಗುವ ಸೂರ್ಯನನ್ನು.

ಇದನ್ನು ಪಲಾಯನ ಎನ್ನುವುದು ಸುಲಭ. ನನ್ನ ದೃಷ್ಟಿಯಲ್ಲಿ ಪಲಾಯನ ಹೆಚ್ಚಾಗಿ ಕಾಣುವುದು ಶೋರಮ್‌ನಲ್ಲಿಯೇ. 1830ರಲ್ಲಿ ಕೆಂಟ್‌ನ ಕೂಲಿಕಾರರು ಒಕ್ಕಣೆ ಯಂತ್ರಗಳನ್ನು ಮುರಿದು ಬಣವೆಗಳಿಗೆ ಬೆಂಕಿಯಿಟ್ಟರೂ ಪಾಮರ್‌ನ ಸುಗ್ಗಿಗೆ ಅದರ ಹೊಗೆ ತಾಗಲಿಲ್ಲ. ಮುದುಕನಾದ ಪಾಮರ್ ಹಾಗೆ ಸ್ವರ್ಗವನ್ನು ಕೈಯಳತೆಯಲ್ಲಿ ಇರಿಸುವುದಿಲ್ಲ. 1879ರ ಎಚ್ಚಿಂಗ್ (ತಾಮ್ರದ ಹಲಗೆಯಿಂದ ಅಚ್ಚೊತ್ತಿದ ಚಿತ್ರ) ‘ಒಂಟಿ ಗೋಪುರ’ದಲ್ಲಿ ಗುಡ್ಡದ ಮೇಲಿನ ಕಿಟಕಿಯೊಂದರಲ್ಲಿ ದೀಪವಿದೆ, ಕೆಳಗೆ ಇಬ್ಬರು ಕುರುಬರು ತಲೆಯೆತ್ತಿ ನೋಡುತ್ತಾರೆ, ಎತ್ತಿನ ಗಾಡಿ ಸಾಗುತ್ತಿದೆ, ಗೂಬೆಯೊಂದು ಹಾರುತ್ತಿದೆ. ದೀಪ ಕಾಣುತ್ತದೆ, ಆದರೆ ದೂರದಲ್ಲಿದೆ.

ಎಚ್ಚಿಂಗ್‌ನಲ್ಲಿ ತಾಮ್ರದ ಹಲಗೆಗೆ ಮೇಣ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿದಾಗ ಗೀರಿದ ಕಡೆ ಮಾತ್ರ ಲೋಹ ಕರಗಿ, ಅಲ್ಲಿ ಶಾಯಿ ನಿಲ್ಲುತ್ತದೆ. ಹೀಗಾಗಿ ಚಿತ್ರದ ಬೆಳಕೆಂದರೆ ಶಾಯಿ ತಾಗದೆ ಉಳಿದ ಕಾಗದವೇ. ದಟ್ಟ ಗೀರುಗಳ ನಡುವೆ ಸಾಸಿವೆಯಷ್ಟು ಬಿಳುಪನ್ನು ಕಾಯ್ದುಕೊಳ್ಳುವ ಆ ತಾಳ್ಮೆಯನ್ನು ನೆನೆದರೆ ನನಗೆ ಇಂದಿಗೂ ಮೈ ನವಿರೇಳುತ್ತದೆ.

ನಮ್ಮ ಕಡೆ ಕಬ್ಬು ಈಗ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ, ದಶಪಥದ ವಾಹನಗಳ ಸದ್ದು ರಾತ್ರಿಯಿಡೀ ನಿಲ್ಲುವುದಿಲ್ಲ. ನಾನು ಹಂಬಲಿಸುವ ಹಸಿರು ಸಹ ಕನ್ನಂಬಾಡಿ ಕಟ್ಟೆ ಕಟ್ಟಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಬಂದದ್ದೇ ಹೊರತು ಅನಾದಿಯದಲ್ಲ ಎಂಬುದನ್ನು ಬಲ್ಲೆ. ಆದರೂ ಕತ್ತಲಲ್ಲಿ ಆಲೆಮನೆಯ ಒಲೆಯ ಬಾಯಿ ಕೆಂಪಗೆ ಕಾಣುತ್ತಿದ್ದದ್ದು, ಗಾಡಿಯ ಮೇಲೆ ಮಲಗಿದ್ದ ನಾನು ಅದು ಹತ್ತಿರವಾಗುವುದನ್ನೇ ಕಾಯುತ್ತಿದ್ದದ್ದು ಸುಳ್ಳಲ್ಲ.

ಆ ಗಾಡಿ ಹೊಡೆಯುತ್ತಿದ್ದ ಅಪ್ಪನಿಗೆ ಮೊನ್ನೆ ಈ ಚಿತ್ರದ ಮುದ್ರಿತ ಪ್ರತಿಯನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಗೋಪುರದ ಬಗ್ಗೆ ಏನೂ ಹೇಳಲಿಲ್ಲ. ದಿಗಂತಕ್ಕೆ ಇಳಿದಿದ್ದ ಸಣ್ಣ ಚಂದ್ರನ ಮೇಲೆ ಬೆರಳಿಟ್ಟು, “ಬಿದಿಗೆ ಚಂದ್ರ ಕಣಪ್ಪ, ಇನ್ನೇನು ಮುಳುಗೋಯ್ತದೆ. ಗಾಡಿಯವನು ಬೇಗ ಊರು ಸೇರ್ಕಬೇಕು” ಎಂದರು.