ರೆಟಿನಾ ಫೈಲ್ ಮುಚ್ಚಿದ ಮೇಲೆ ಏರುವ ಪ್ರೆಷರ್

ದಿನ ತುಂಬದೆ ಹುಟ್ಟಿದ ಮಗುವಿನ ಕಣ್ಣು ಅಂದ ಕೂಡಲೇ ಮಾತೆಲ್ಲ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮೇಲೆಯೇ ನಿಲ್ಲುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಕಣ್ಣಿನ ತಪಾಸಣೆ ಆಗಬೇಕು; 28 ವಾರಕ್ಕೂ ಮೊದಲು ಹುಟ್ಟಿದ್ದರೆ ಅಥವಾ ತೂಕ 1200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು–ಮೂರು ವಾರದಲ್ಲೇ ಆಗಬೇಕು. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಯೋಜನೆಯ ತಂಡಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಿಗೆ, ಅಂದರೆ ಎನ್‌ಐಸಿಯುಗಳಿಗೆ ಹೋಗಿ ಮಕ್ಕಳ ರೆಟಿನಾದ ಚಿತ್ರ ತೆಗೆಯುತ್ತಿವೆ. ಹಾಗಾಗಿ ಆರ್‌ಓಪಿ (ದಿನ ತುಂಬದ ಮಗುವಿನ ರೆಟಿನಾದಲ್ಲಿ ರಕ್ತನಾಳ ಸರಿಯಾಗಿ ಬೆಳೆಯದ ಕಾಯಿಲೆ) ಎಂಬ ಹೆಸರು ಈಗ ಊರುಕೇರಿಗಳ ತಾಯಂದಿರಿಗೂ ಗೊತ್ತು. ಆದರೆ ಆ ಫೈಲ್ ಕೊನೆಗೆ ಮುಚ್ಚುವುದು ಎರಡು ಮಾತುಗಳಲ್ಲಿ ಒಂದರಿಂದ. ಒಂದು, “ರೋಗ ಇಳಿದಿದೆ, ಇನ್ನು ಭಯವಿಲ್ಲ”. ಇನ್ನೊಂದು, “ರೆಟಿನಾ ಪೂರ್ತಿ ಕಳಚಿದೆ, ಇನ್ನೇನೂ ಮಾಡಲಾಗದು”. ಯಾವ ಮಾತು ಕೇಳಿದರೂ ಮನೆಯವರು ಕಣ್ಣಾಸ್ಪತ್ರೆಯ ದಾರಿ ಬಿಡುತ್ತಾರೆ. ಗ್ಲಕೋಮಾ, ಅಂದರೆ ಕಣ್ಣೊಳಗಿನ ಒತ್ತಡ (ಪ್ರೆಷರ್) ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ, ಬರುವುದು ಬಹುಮಟ್ಟಿಗೆ ಆಮೇಲೆಯೇ.

ಈ ಮಕ್ಕಳ ಗ್ಲಕೋಮಾ ಅರ್ಥವಾಗಬೇಕಾದರೆ ಕಣ್ಣೊಳಗಿನ ನೀರು ಹರಿಯುವ ದಾರಿ ಗೊತ್ತಿರಬೇಕು. ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ಸಿನ ಹಿಂದಿರುವ ಸಿಲಿಯರಿ ಬಾಡಿ ಸದಾ ತಿಳಿನೀರನ್ನು ತಯಾರಿಸುತ್ತಿರುತ್ತದೆ. ಆ ನೀರು ಲೆನ್ಸಿನ ಮೇಲಿಂದ ಹರಿದು, ಪಾಪೆಯ ಮೂಲಕ ಐರಿಸ್ಸಿನ ಮುಂದಿನ ಕೋಣೆಗೆ ಬಂದು, ಐರಿಸ್ಸೂ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವೂ ಸೇರುವ ಮೂಲೆಯ ಜಾಲರಿಯಿಂದ ಹೊರಹೋಗುತ್ತದೆ. ಆ ಮೂಲೆಗೇ ಆಂಗಲ್ ಅನ್ನುವುದು. ಹುಟ್ಟಿನಿಂದ ಬರುವ ಸಾಮಾನ್ಯ ಗ್ಲಕೋಮಾದಲ್ಲಿ ದೋಷ ಇರುವುದು ಜಾಲರಿಯಲ್ಲಿ. ಆರ್‌ಓಪಿ ಕಣ್ಣಿನಲ್ಲಿ ಜಾಲರಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ, ಹಿಂದಿನಿಂದ ಯಾವುದೋ ಒಂದು ಲೆನ್ಸನ್ನೂ ಐರಿಸ್ಸನ್ನೂ ಮುಂದಕ್ಕೆ ತಳ್ಳಿ ಆ ಮೂಲೆಯನ್ನು ಮುಚ್ಚಿಬಿಡುತ್ತದೆ.

ರೆಟಿನಾ ಪೂರ್ತಿ ಕಳಚಿದ ಐದನೇ ಹಂತದ ಕಣ್ಣಿನಲ್ಲಿ ತಳ್ಳುವುದು ಲೆನ್ಸಿನ ಹಿಂದೆ ಕಟ್ಟಿಕೊಂಡ ಬಿಳಿ ನಾರಿನ ಪೊರೆ. 1942ರಲ್ಲಿ ಬಾಸ್ಟನ್ನಿನ ಡಾ. ಟೆರಿ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದೂ ಈ ಪೊರೆಯನ್ನು ಕಂಡೇ. ರೆಟ್ರೋಲೆಂಟಲ್ ಫೈಬ್ರೋಪ್ಲಾಸಿಯಾ ಎಂಬ ಹಳೆಯ ಹೆಸರಿಗೆ ಲೆನ್ಸಿನ ಹಿಂದಿನ ನಾರುಕಟ್ಟು ಎಂದೇ ಅರ್ಥ. ಪೊರೆ ವರ್ಷಗಟ್ಟಲೆ ಕುಗ್ಗುತ್ತಾ ಹೋದಂತೆ ಲೆನ್ಸು ಮುಂದೆ ಮುಂದೆ ಸರಿಯುತ್ತದೆ. ಆರ್‌ಓಪಿಗೆ ಲೇಸರ್ ಚಿಕಿತ್ಸೆ ಆದ ಮಗುವಿನಲ್ಲಿ ಕಾರಣ ಬೇರೆ: ಲೇಸರಿನ ಬಿಸಿಗೆ ರೆಟಿನಾದ ಹಿಂದಿನ ರಕ್ತನಾಳಗಳ ಪದರವಾದ ಕೋರಾಯ್ಡಿನಲ್ಲಿ ನೀರು ತುಂಬಿ, ಸಿಲಿಯರಿ ಬಾಡಿ ಮುಂದಕ್ಕೆ ತಿರುಗುತ್ತದೆ. ಇದು ಅಪರೂಪ, ಆದರೆ ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ಆಗಿಬಿಡುತ್ತದೆ. ಇವಲ್ಲದೆ ಐರಿಸ್ ಮೇಲೆ ಹೊಸ ರಕ್ತನಾಳ ಬೆಳೆದು ಮೂಲೆ ಕಟ್ಟಿಕೊಳ್ಳುವುದುಂಟು, ಕಣ್ಣೊಳಗೆ ರಕ್ತಸ್ರಾವವಾಗಿ ಜಾಲರಿ ತುಂಬಿಹೋಗುವುದುಂಟು. ಆಪರೇಷನ್ನಿನಲ್ಲಿ ಲೆನ್ಸ್ ತೆಗೆದ ಕಣ್ಣಿಗೆ ಎಷ್ಟೋ ವರ್ಷದ ನಂತರ ಸದ್ದಿಲ್ಲದೆ ಪ್ರೆಷರ್ ಏರುವುದೂ ಉಂಟು. ಆ ಕಣ್ಣಿಗೆ ತಪಾಸಣೆ ಜೀವನಪೂರ್ತಿ.

ಮಕ್ಕಳ ಗ್ಲಕೋಮಾ ಅಂದರೆ ದೊಡ್ಡದಾದ, ಎತ್ತಿನ ಕಣ್ಣಿನಂಥ ಕಣ್ಣು ಎಂದು ಎಲ್ಲರೂ ಕಲಿತಿರುತ್ತಾರೆ. ಮೂರು ವರ್ಷದೊಳಗಿನ ಕಣ್ಣಿನ ಗೋಡೆ ಮೆತ್ತಗಿರುವುದರಿಂದ ಒತ್ತಡಕ್ಕೆ ಹಿಗ್ಗುತ್ತದೆ ಅನ್ನುವುದು ನಿಜ. ತಿಂಗಳು ತುಂಬಿ ಹುಟ್ಟಿದ ಮಗುವಿನ ಕಾರ್ನಿಯಾ ಸುಮಾರು 10 ಮಿ.ಮೀ. ಅಗಲ, ಒಂದು ವರ್ಷದೊಳಗೆ 12 ಮಿ.ಮೀ. ದಾಟಿದರೆ ಗ್ಲಕೋಮಾ ಸಂಶಯ. ಆದರೆ ತೀವ್ರ ಆರ್‌ಓಪಿ ಆದ ಕಣ್ಣು ಮೊದಲೇ ಬೆಳವಣಿಗೆ ಕುಂಠಿತವಾದ ಸಣ್ಣ ಕಣ್ಣು. ಅದು 9ರಿಂದ 10.5ಕ್ಕೆ ಹಿಗ್ಗಿದರೂ ನೋಡುವವರಿಗೆ ಸರಿಯಾದ ಅಳತೆಯ ಕಣ್ಣಿನಂತೆಯೇ ಕಾಣುತ್ತದೆ. ಹಾಗಾಗಿ ಒಂದು ಸಲದ ಅಳತೆಗೆ ಅರ್ಥವಿಲ್ಲ. ಪ್ರತಿ ಭೇಟಿಯಲ್ಲೂ ಕಾರ್ನಿಯಾದ ಅಗಲ, ಕಣ್ಣಿನ ಉದ್ದ, ಕನ್ನಡಕದ ನಂಬರು ಬರೆದಿಟ್ಟು ಹಿಂದಿನದರ ಜೊತೆ ಹೋಲಿಸಬೇಕು. ಆರು ತಿಂಗಳಲ್ಲಿ ಮೈನಸ್ ನಂಬರು ಸರ್ರನೆ ಏರಿದರೆ ಕನ್ನಡಕ ಬದಲಿಸಿ ಕಳಿಸುವುದಲ್ಲ, ಮೊದಲು ಪ್ರೆಷರ್ ನೋಡಬೇಕು.

ಕಣ್ಣಿನ ನರ ಹೊರಡುವ ಜಾಗವಾದ ಆಪ್ಟಿಕ್ ಡಿಸ್ಕ್ ನೋಡಿ ತೀರ್ಮಾನಿಸುವುದೂ ಇಲ್ಲಿ ಕಷ್ಟ. ರೆಟಿನಾ ಕಿವಿಯ ಕಡೆಗೆ ಎಳೆದುಕೊಂಡು ಡಿಸ್ಕ್ ವಾರೆಯಾಗಿರುತ್ತದೆ, ಬಿಳಿಚಿಕೊಂಡಿರುತ್ತದೆ. ಹುಟ್ಟಿದಾಗ ಮೆದುಳಿಗೆ ಪೆಟ್ಟಾಗಿದ್ದರೆ ಅದರಿಂದಲೂ ಡಿಸ್ಕಿನ ನಡುವಿನ ಕುಳಿ, ಗ್ಲಕೋಮಾದಲ್ಲಿ ಆಗುವಂತೆಯೇ, ದೊಡ್ಡದಾಗಿ ಕಾಣುತ್ತದೆ.

ಈ ಕಣ್ಣಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಂಬಬಹುದಾದ ಗುರುತು ಮುಂದಿನ ಕೋಣೆಯ ಆಳ. ಅದನ್ನು ನೋಡಲು ದೊಡ್ಡ ಯಂತ್ರ ಬೇಕಿಲ್ಲ. ನೀವಿರುವ ರೂಮು ಸ್ವಲ್ಪ ಕತ್ತಲಾಗಲಿ, ಮಗು ತಾಯಿಯ ಮಡಿಲಲ್ಲಿ ಅಂಗಾತ ಮಲಗಿರಲಿ. ಪೆನ್ ಟಾರ್ಚನ್ನು ಕಣ್ಣಿನ ಎದುರಿಗೆ ಹಿಡಿಯಬೇಡಿ. ಕಿವಿಯ ಕಡೆಯಿಂದ, ಐರಿಸ್ಸಿಗೆ ಸಮಾನಾಂತರವಾಗಿ ಬೆಳಕು ಅಡ್ಡಡ್ಡ ಹಾಯುವಂತೆ ಹಿಡಿಯಿರಿ. ಐರಿಸ್ ಚಪ್ಪಟೆಯಾಗಿದ್ದರೆ ಬೆಳಕು ಮೂಗಿನ ಕಡೆಯ ಅಂಚಿನವರೆಗೂ ಹರಿದು ಇಡೀ ಐರಿಸ್ ಬೆಳಗುತ್ತದೆ. ಮುಂದಕ್ಕೆ ಉಬ್ಬಿದ್ದರೆ, ಗುಡ್ಡದ ಆಚೆ ಮಗ್ಗುಲಿಗೆ ಬಿಸಿಲು ಬೀಳದಂತೆ, ಮೂಗಿನ ಕಡೆಯ ಅರ್ಧದಲ್ಲಿ ನೆರಳು ನಿಲ್ಲುತ್ತದೆ. ಅರ್ಧ ನಿಮಿಷದ ಕೆಲಸ. ಎನ್‌ಐಸಿಯುವಿನಿಂದ ಬಂದ ಮಗು ಲಸಿಕೆಗೆ ಬಂದಾಗಲೆಲ್ಲ ಮಕ್ಕಳ ವೈದ್ಯರು ಇದೊಂದನ್ನು ನೋಡಿದರೆ ಎಷ್ಟೋ ಕಣ್ಣು ನೋವಿಗೆ ಮೊದಲೇ ಸಿಕ್ಕಿಬೀಳುತ್ತವೆ. ನೆರಳು ಕಂಡರೆ ಪಾಪೆ ಹಿಗ್ಗಿಸುವ ಹನಿಯನ್ನು ರೂಢಿಯಂತೆ ಹಾಕಿ ಮನೆಗೆ ಕಳಿಸಬಾರದು. ಆ ಮಗುವನ್ನು ನೇರ ಕಣ್ಣಿನ ವೈದ್ಯರ ಮುಂದೆ ಕೂರಿಸಿ.

ನೋವು ಶುರುವಾದರೆ ಆ ರಾತ್ರಿ ಯಾರಿಗೂ ಕಣ್ಣು ನೆನಪಾಗುವುದಿಲ್ಲ. ಮಗು ಎಡೆಬಿಡದೆ ಅಳುತ್ತದೆ, ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ಸುಸ್ತಾಗಿ ಮಂಕಾಗುತ್ತದೆ. ಹೊಟ್ಟೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮೆದುಳಿನ ನೀರು ಇಳಿಸುವ ನಳಿಕೆ, ಅಂದರೆ ಶಂಟ್ ಹಾಕಿಸಿಕೊಂಡ ಮಗುವಾದರೆ ಶಂಟ್ ಕಟ್ಟಿದೆ ಎಂದು ಸ್ಕ್ಯಾನಿಗೆ ಓಡುತ್ತಾರೆ. ಸ್ಕ್ಯಾನ್ ಮಾಡಲೇಬೇಕು, ತಪ್ಪಲ್ಲ. ಅದರ ಜೊತೆಗೆ ರೆಪ್ಪೆ ಬಿಡಿಸಿ ನೋಡಿ: ಬಿಳಿಭಾಗ ಕೆಂಪಾಗಿದೆಯೇ, ಕಾರ್ನಿಯಾ ಹಬೆ ಹಿಡಿದ ಗಾಜಿನಂತಿದೆಯೇ, ಬೆಳಕಿಗೆ ಮುಖ ತಿರುಗಿಸುತ್ತಿದೆಯೇ? ಹಾಗಿದ್ದರೆ ಬೆಳಗಿನವರೆಗೆ ಕಾಯುವ ವಿಷಯವಲ್ಲ. ಕಾಣದ ಮಕ್ಕಳು ಕಣ್ಣನ್ನು ಬೆರಳಿಂದ ಒತ್ತಿಕೊಳ್ಳುವುದು ಬೇರೆ ಅಭ್ಯಾಸ. ಒತ್ತಿದಾಗ ಮಿಂಚಿನಂಥ ಬೆಳಕು ಕಂಡು ಅವರಿಗೆ ಹಿತವಾಗುತ್ತದೆ, ಆಗ ಮಗು ಶಾಂತವಾಗಿರುತ್ತದೆ. ನೋವಿರುವ ಮಗು ಅಳುತ್ತಾ ಉಜ್ಜುತ್ತದೆ, ತಲೆ ಬಡಿದುಕೊಳ್ಳುತ್ತದೆ, ಆ ಕಡೆಯ ಕೆನ್ನೆ ಮುಟ್ಟಲೂ ಬಿಡುವುದಿಲ್ಲ.

ಚಿಕಿತ್ಸೆಯ ಮೊದಲ ಗಂಟೆಯಲ್ಲೇ ದೊಡ್ಡ ತಪ್ಪೊಂದು ನಡೆಯುವ ಸಾಧ್ಯತೆಯಿದೆ. ಆಂಗಲ್ ಮುಚ್ಚಿದ ದೊಡ್ಡವರಿಗೆ ಪಾಪೆ ಕುಗ್ಗಿಸುವ ಪೈಲೋಕಾರ್ಪಿನ್ ಹಾಕುವುದು ರೂಢಿ. ಹಿಂದಿನಿಂದ ತಳ್ಳಿಸಿಕೊಂಡ ಈ ಕಣ್ಣಿಗೆ ಅದನ್ನು ಹಾಕಿದರೆ ಸಿಲಿಯರಿ ಸ್ನಾಯು ಬಿಗಿದು, ಲೆನ್ಸು ಇನ್ನಷ್ಟು ಮುಂದೆ ಬಂದು, ಪ್ರೆಷರ್ ಮತ್ತೂ ಏರಬಹುದು. ಇಲ್ಲಿ ಕೆಲಸ ಮಾಡುವುದು ಎಷ್ಟೋ ಸಲ ಅದಕ್ಕೆ ವಿರುದ್ಧವಾದ ಔಷಧ: ಅಟ್ರೋಪಿನ್ ಅಥವಾ ಸೈಕ್ಲೋಪೆಂಟೋಲೇಟ್. ಸ್ನಾಯು ಸಡಿಲಿಸಿದರೆ ಲೆನ್ಸು ಹಿಂದೆ ಸರಿದು ಕೋಣೆ ಆಳವಾಗುತ್ತದೆ. ಜೊತೆಗೆ ಊತ ಇಳಿಸಲು ಸ್ಟೀರಾಯ್ಡ್ ಹನಿ. ಆದರೆ ಪಾಪೆಯಲ್ಲೇ ದಾರಿ ಕಟ್ಟಿದ ಕಣ್ಣಿಗೆ ಅದೇ ಅಟ್ರೋಪಿನ್ ಕೇಡು ಮಾಡಬಲ್ಲದು. ಆದ್ದರಿಂದ ಇದು ಮನೆಯಲ್ಲಿ ಅಂದಾಜಿನ ಮೇಲೆ ಹಾಕುವ ಹನಿ ಅಲ್ಲ. ಕಣ್ಣನ್ನು ಪರೀಕ್ಷಿಸಿ, ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿ, ಹನಿ ಹಾಕಿ, ಕೆಲವು ಗಂಟೆಯ ನಂತರ ಮತ್ತೆ ಪ್ರೆಷರ್ ನೋಡುವ ವೈದ್ಯರು ಹಾಕಬೇಕಾದದ್ದು.

ಪ್ರೆಷರ್ ಇಳಿಸುವ ಹನಿಗಳಲ್ಲಿ ಬ್ರಿಮೋನಿಡಿನ್ ಎರಡು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ. ಮೆದುಳಿಗೆ ದಾಟಿ ಮಗುವನ್ನು ಮಂಪರಿಗೆ ತಳ್ಳುತ್ತದೆ, ಉಸಿರೇ ನಿಲ್ಲಬಹುದು. ಎರಡು ವರ್ಷ ದಾಟಿದ ಸಣ್ಣ ತೂಕದ ಮಕ್ಕಳಿಗೂ ಅದನ್ನು ತಪ್ಪಿಸುವುದೇ ಮೇಲು. ಟಿಮೋಲಾಲ್ ಕೊಡುವುದಾದರೆ 0.25% ಇರಲಿ, 0.5% ಬೇಡ, ಎನ್‌ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿದ್ದು ಶ್ವಾಸಕೋಶ ಇನ್ನೂ ಬಲಿಯದ ಮಗುವಿಗೆ, ಉಬ್ಬಸ ಇರುವ ಮಗುವಿಗೆ ಅದೂ ಬೇಡ. ಡಾರ್ಜೋಲಮೈಡ್ ಸಾಮಾನ್ಯವಾಗಿ ಒಗ್ಗುತ್ತದೆ. ಬಾಯಿಗೆ ಕೊಡುವ ಅಸೆಟಜೋಲಮೈಡ್ ದಿನಕ್ಕೆ ಕೆ.ಜಿ.ಗೆ 10ರಿಂದ 20 ಮಿ.ಗ್ರಾಂ., ಮೂರು–ನಾಲ್ಕು ಸಲಕ್ಕೆ ಹಂಚಿ. 5 ಕೆ.ಜಿ. ಮಗುವಿಗೆ ದಿನವಿಡೀ ಸೇರಿ 50ರಿಂದ 100 ಮಿ.ಗ್ರಾಂ. ಮಾತ್ರ, ಅಂದರೆ 250ರ ಮಾತ್ರೆಯ ಅರ್ಧಕ್ಕಿಂತಲೂ ಕಡಿಮೆ. ಲೆಕ್ಕ ಡಾಕ್ಟರೇ ಬರೆದುಕೊಡಲಿ. ಅದು ಶುರುವಾದ ಮೇಲೆ ಮಗು ಜೋರಾಗಿ ಉಸಿರಾಡತೊಡಗಿದರೆ, ಊಟ ಬಿಟ್ಟರೆ, ತೂಕ ಏರದಿದ್ದರೆ ರಕ್ತದಲ್ಲಿ ಆಮ್ಲ ಹೆಚ್ಚಿರಬಹುದು, ಕೂಡಲೇ ತಿಳಿಸಿ.

ಹನಿ ಹಾಕುವ ರೀತಿಯೂ ಔಷಧದಷ್ಟೇ ಮುಖ್ಯ. ಒಂದೇ ಹನಿ. ಕೂಡಲೇ ಕಣ್ಣಿನ ಒಳಮೂಲೆಯನ್ನು, ಮೂಗಿನ ಎಲುಬಿಗೆ ತಾಗುವಂತೆ, ತೋರುಬೆರಳಿಂದ ಎರಡು ನಿಮಿಷ ಒತ್ತಿಹಿಡಿದು ಹೊರಚೆಲ್ಲಿದ್ದನ್ನು ಹತ್ತಿಯಿಂದ ಒರೆಸಿ. ಇಲ್ಲದಿದ್ದರೆ ಔಷಧ ಕಣ್ಣೀರಿನ ನಾಳದಿಂದ ಮೂಗಿಗಿಳಿದು ನೇರ ರಕ್ತಕ್ಕೆ ಸೇರುತ್ತದೆ. ನಾಲ್ಕು ಕೆ.ಜಿ. ಮಗುವಿಗೂ ಅಜ್ಜನಿಗೂ ಬಾಟಲಿಯಿಂದ ಬೀಳುವ ಹನಿಯ ಗಾತ್ರ ಒಂದೇ ಅನ್ನುವುದು ನೆನಪಿರಲಿ. ಎರಡನೇ ಔಷಧಕ್ಕೆ ಐದು ನಿಮಿಷ ಬಿಡಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ: ಮಗು ಬೇರೆ ಏನೇನು ಔಷಧ ತೆಗೆದುಕೊಳ್ಳುತ್ತಿದೆ? ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಹಲವರಿಗೆ ಸೆರೆಬ್ರಲ್ ಪಾಲ್ಸಿ, ಫಿಟ್ಸ್ ಜೊತೆಗಿರುತ್ತವೆ. ಕೈಕಾಲು ಸೆಟೆದುಕೊಳ್ಳುವುದಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಜೊಲ್ಲಿಗೆ ಕೊಡುವ ಗ್ಲೈಕೋಪಿರೋಲೇಟ್ ಪಾಪೆಯನ್ನು ಹಿಗ್ಗಿಸಿ ಕಿರಿದಾದ ಆಂಗಲನ್ನು ಮುಚ್ಚಬಲ್ಲವು. ಫಿಟ್ಸಿನ ಟೋಪಿರಮೇಟ್ ಕೋರಾಯ್ಡಿನಲ್ಲಿ ನೀರು ತುಂಬಿಸಿ ಎರಡೂ ಕಣ್ಣಿನ ಆಂಗಲ್ ಮುಚ್ಚಿಸಬಲ್ಲದು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಫಿಟ್ಸಿನ ಔಷಧ ತಟ್ಟನೆ ನಿಲ್ಲಿಸುವುದು ಅಪಾಯ. ನರರೋಗ ವೈದ್ಯರಿಗೂ ಕಣ್ಣಿನ ವೈದ್ಯರಿಗೂ ಒಂದೇ ಚೀಟಿಯಲ್ಲಿ ಎಲ್ಲ ಹೆಸರು ತೋರಿಸಿ. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ತಂದ ಸ್ಟೀರಾಯ್ಡ್ ಹನಿ ತಿಂಗಳುಗಟ್ಟಲೆ ಹಾಕಿ ಪ್ರೆಷರ್ ಏರಿಸಿಕೊಳ್ಳುವುದಂತೂ ಪೂರ್ತಿ ತಪ್ಪಿಸಬಹುದಾದ ಅನಾಹುತ.

ಪ್ರೆಷರ್ ಅಳೆಯುವಾಗ ಅಳುವ ಮಗುವಿನಲ್ಲಿ ಬರುವ ಅಂಕಿ ಸುಳ್ಳು ಹೇಳುತ್ತದೆ. ಮರಳಿ ಪುಟಿಯುವ ಸಣ್ಣ ಮೊನೆಯ ಐಕೇರ್ ಟೋನೋಮೀಟರಿಗೆ ಮರಗಟ್ಟಿಸುವ ಹನಿಯೂ ಬೇಡ. ಹಾಲು ಕುಡಿಯುತ್ತಲೋ ನಿದ್ದೆಯಲ್ಲೋ ಇರುವ ಮಗುವಿನಲ್ಲಿ ಅಳೆಯಬಹುದು. ಹಾಗಾಗಿ ತಪಾಸಣೆಗೆ ಹಸಿದ ಮಗುವನ್ನು, ಹಾಲಿನ ಬಾಟಲಿಯ ಜೊತೆ ಕರೆತನ್ನಿ. ಅರಿವಳಿಕೆ ಕೊಟ್ಟು ನೋಡುವ ದಿನ ಮಾತ್ರ ಹೊಟ್ಟೆ ಖಾಲಿ ಇರಬೇಕು. ಸೆವೋಫ್ಲುರೇನ್ ಪ್ರೆಷರನ್ನು ಕೆಳಕ್ಕೆ ತರುತ್ತದೆ, ಆದ್ದರಿಂದ ಮಗು ಮಲಗಿದ ಕೂಡಲೇ ಮೊದಲು ಮಾಡಬೇಕಾದ ಕೆಲಸ ಅದೇ ಅಳತೆ.

ಹನಿಗೆ ಬಗ್ಗದಿದ್ದರೆ ಆಪರೇಷನ್. ಮುಂದಕ್ಕೆ ಬಂದ ಲೆನ್ಸನ್ನು ತೆಗೆದರೆ ಕೋಣೆ ತೆರೆದು ಪ್ರೆಷರ್ ಇಳಿಯುವುದು ಹೆಚ್ಚು. ತಡವಾಗಿ ಆಂಗಲ್ ಪೂರ್ತಿ ಅಂಟಿಕೊಂಡಿದ್ದರೆ ಅದಷ್ಟೇ ಸಾಲದು. ದೃಷ್ಟಿ ಉಳಿದಿರುವ ಕಣ್ಣಿಗೆ ನೀರು ಹೊರಬಿಡುವ ಸಾಧನ ಕೂರಿಸುತ್ತಾರೆ. ಮಧುರೈಯ ಅರೋಲ್ಯಾಬ್ ತಯಾರಿಸುವ ಆಡಿ ಇಂಪ್ಲಾಂಟ್ ಅಂಥದ್ದು. ದೃಷ್ಟಿಯಿಲ್ಲದ, ನೋವಿರುವ ಕಣ್ಣಿಗೆ ಸಿಲಿಯರಿ ಬಾಡಿಗೆ ಲೇಸರ್ ಮಾಡಿ ನೀರು ತಯಾರಾಗುವುದನ್ನೇ ತಗ್ಗಿಸುತ್ತಾರೆ. “ಹೇಗೂ ಕಾಣದ ಕಣ್ಣು, ಬಿಡಿ” ಅನ್ನುವುದನ್ನು ಒಪ್ಪಬೇಡಿ. ನೋವಿಲ್ಲದೆ ನಿದ್ದೆ ಮಾಡುವುದು ಆ ಮಗುವಿನ ಹಕ್ಕು.

ಆರ್‌ಓಪಿ ಚೆನ್ನಾಗಿ ಇಳಿದು, ಶಾಲೆ ಕಾಲೇಜು ಮುಗಿಸಿದವರಿಗೂ ಒಂದು ಮಾತಿದೆ. ಮೈನಸ್ ನಂಬರು ಹೆಚ್ಚಿರುವ ಕಣ್ಣು ಉದ್ದ, ಆಂಗಲ್ ಅಗಲ, ಮುಚ್ಚಿಕೊಳ್ಳುವ ಭಯವಿಲ್ಲ ಎಂಬುದು ಸಾಮಾನ್ಯ ಲೆಕ್ಕ. ದಿನ ತುಂಬದೆ ಹುಟ್ಟಿದವರ ಮೈನಸ್ ನಂಬರು ಬಹಳಷ್ಟು ಸಲ ಕಣ್ಣಿನ ಉದ್ದದಿಂದ ಬಂದದ್ದಲ್ಲ. ಡೊಂಕು ಹೆಚ್ಚಾದ ಕಾರ್ನಿಯಾ, ದಪ್ಪ ಲೆನ್ಸು, ಆಳವಿಲ್ಲದ ಕೋಣೆಯಿಂದ ಬಂದದ್ದು. ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ ಆಂಗಲ್ ಮುಚ್ಚಿಕೊಂಡವರಿದ್ದಾರೆ. ಸಂಜೆ ದೀಪದ ಸುತ್ತ ಬಣ್ಣದ ಬಳೆ, ಹುಬ್ಬಿನ ಮೇಲೆ ನೋವು ಕಂಡರೆ ಮೈಗ್ರೇನ್ ಅಂದುಕೊಂಡು ಕೂರಬೇಡಿ. ಕನ್ನಡಕ ಬದಲಿಸಲು ಹೋದಾಗ ಹೇಳಬೇಕಾದದ್ದು ಇಷ್ಟೇ: “ನಾನು ಇಷ್ಟು ವಾರಕ್ಕೆ ಹುಟ್ಟಿದ್ದು, ಆರ್‌ಓಪಿಗೆ ಲೇಸರ್ ಆಗಿದೆ, ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲು ಗೋನಿಯೋಸ್ಕೋಪಿ ಮಾಡಿ ಆಂಗಲ್ ನೋಡಿ.” ಮಗು ಚಿಕ್ಕದಿರುವಾಗಲೇ ಇದನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಬರೆದಿಡಿ, ಲೇಸರ್ ಮಾಡಿದ ತಾರೀಖು, ಹುಟ್ಟಿದಾಗಿನ ತೂಕ, ಎರಡೂ ಕಣ್ಣಿನ ಕೊನೆಯ ಪ್ರೆಷರ್ ಜೊತೆಗಿರಲಿ.